ಸಂಗೀತ ನಾಟಕಗಳ ಪುನಃಪ್ರಯೋಗ

೧

ಒಮ್ಮೆ ಆಡಿ ಜನರ ಮೆಚ್ಚಿಕೆಗೆ ಪಾತ್ರವಾದ ನಾಟಕವನ್ನು ಮತ್ತೆ ಮತ್ತೆ ಆಡುವುದು ಎಲ್ಲ ದೇಶಗಳಲ್ಲಿಯೂ ಇರತಕ್ಕ ಪದ್ಧತಿ. ಅದರಲ್ಲಿಯೂ ಹಾಡುಗಳಿಂದ ತುಂಬಿದ ನಾಟಕಗಳಿಗೆ ಈ ಭಾಗ್ಯವು ಹೆಚ್ಚಾಗಿ ಲಭಿಸುವುದು. ಕೇಳಿದ ಮಾತು ಮರೆತುಹೋಗಬಹುದು. ಕೇಳಿದ ಮಟ್ಟು ಮನೆಗೆ ಬಂದು ಅಡುಗೆಮನೆಯಲ್ಲಿಯೂ ಹೊಲದಲ್ಲಿಯೂ ಗುನುಗುಟ್ಟಿಸಿಕೊಂಡು ವರ್ಷಗಟ್ಟಲೆ ಬದುಕುತ್ತದೆ. ಆ ಮಟ್ಟನ್ನು ರಂಗದ ಮೇಲೆ ಇನ್ನೊಮ್ಮೆ ಕೇಳಬೇಕೆಂಬ ಆಸೆಯಿಂದ ಜನರು ಬರುವರು. ಜನರು ಬರುವರೆಂಬ ನಂಬಿಕೆಯಿಂದ ನಾಟಕದವರು ಆಡುವರು. ಹೀಗೆ ಹತ್ತಾರು ವರ್ಷ ನಡೆದುಬಂದ ಸಂಗೀತ ನಾಟಕವನ್ನು ಪುನಃ ರಂಗಕ್ಕೆ ತಂದಾಗ ಅದರಿಂದ ಹೊಸದೇನಾದರೂ ಲಭಿಸುವುದೋ, ಅಥವಾ ಅದು ಹಿಟ್ಟನ್ನೇ ಮತ್ತೆ ಬೀಸುವ ಪಿಷ್ಟಪೇಷಣವೋ ಎಂಬುದೇ ಪ್ರಕೃತ ಲೇಖನದ ವಿಷಯ.

ಈ ಪ್ರಶ್ನೆಯನ್ನು ಕೇವಲ ವಿನೋದಕ್ಕಾಗಿ ಎತ್ತಿಲ್ಲ. ನಮ್ಮ ಕನ್ನಡ ನಾಡಿನಲ್ಲಿ ವೃತ್ತಿನಾಟಕ ಮಂಡಳಿಗಳ ಕಾಲವು ಬಹುಮಟ್ಟಿಗೆ ಕಳೆದುಹೋಗಿದೆ. ಆದರೂ ಆ ಮಂಡಳಿಗಳ ನಾಟಕಗಳನ್ನು ಹವ್ಯಾಸಿಗಳು ಆಗಾಗ ಎತ್ತಿ ಆಡುತ್ತಲೇ ಇದ್ದಾರೆ. ಹಳ್ಳಿಗಳಲ್ಲಿಯಂತೂ ಪೌರಾಣಿಕ ನಾಟಕವು ಒಂದು ದಿನವೂ ನಿಂತುದಿಲ್ಲ. ಇದನ್ನು ಕಂಡು ವಿದ್ಯಾವಂತರಾದ ಕೆಲವರು ಆಕ್ಷೇಪಿಸುವುದುಂಟು. ಅವರ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕಾದರೆ ಹೀಗಿರುವುದು: ಕಥೆಯು ಎಲ್ಲರಿಗೂ ತಿಳಿದುದು, ಹಾಡು ಎಲ್ಲರಿಗೂ ಬಂದುದು, ಪ್ರೇಕ್ಷಕನು ನೋಡುವುದು ನಾಟಕವನ್ನಲ್ಲ, ತನ್ನ ಬಾಲ್ಯದ ನೆನಪನ್ನು. ಇದಕ್ಕಾಗಿ ವ್ಯಯವಾಗುವ ಹಣ, ಶ್ರಮ, ರಂಗಮಂದಿರದ ದಿನಗಳು ಇವೆಲ್ಲವೂ ಇಂದಿನ ಕವಿಗಳ ಹೊಸ ನಾಟಕಗಳಿಗೆ ಸಲ್ಲಬೇಕಾದವು. ಹಳೆಯದು ರಂಗವನ್ನು ಆಕ್ರಮಿಸಿಕೊಂಡಷ್ಟೂ ಹೊಸದಕ್ಕೆ ಸ್ಥಳವಿಲ್ಲದಂತಾಗುವುದು.

ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು. ಇದು ಬಹು ಹಳೆಯ ಆಕ್ಷೇಪವೂ ಅಹುದು. ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಕಾಳಿದಾಸನು ಇದೇ ಪ್ರಶ್ನೆಯನ್ನು ತಿರುಗುಮುರುಗಾಗಿ ಎತ್ತಿಸಿದ್ದಾನೆ. ಭಾಸನೇ ಮೊದಲಾದ ಪ್ರಸಿದ್ಧರ ನಾಟಕಗಳಿರುವಾಗ ಈಗಿನ ಕವಿಯ ಕೃತಿಗೇಕೆ ಇಷ್ಟು ಆದರವೆಂದು ಅಲ್ಲಿ ಪಾರಿಪಾರ್ಶ್ವಕನು ಕೇಳುತ್ತಾನೆ. ಕಾಲವೊಂದರಿಂದಲೇ ಗುಣವನ್ನು ನಿರ್ಣಯಿಸಲಾಗದು, ಪರೀಕ್ಷಿಸಿಯೇ ತಿಳಿಯಬೇಕು ಎಂಬುದು ಅವನಿಗೆ ದೊರೆಯುವ ಸಮಾಧಾನದ ತಾತ್ಪರ್ಯ. ಕಾಳಿದಾಸನು ಹೊಸಬನಾಗಿದ್ದಾಗ ಅವನಿಗೆ ಉಪಕಾರ ಮಾಡಿದ ಈ ನ್ಯಾಯವು ಇಂದು ಹಳೆಯವರಿಗೂ ಸಲ್ಲತಕ್ಕುದೇ ಅಲ್ಲವೆ? ಅದೇ ನಾಟಕದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ಯಾರು ಮೇಲೆಂಬ ವಿವಾದ ಹುಟ್ಟಿದಾಗ, ಅದನ್ನು ಶಾಸ್ತ್ರವಾಕ್ಯದಿಂದ ತೀರ್ಮಾನಿಸದೆ, ಅವರ ಶಿಷ್ಯರು ರಂಗದಲ್ಲಿ ಮಾಡಿ ತೋರಿಸುವುದರಿಂದ ತೀರ್ಮಾನಿಸತಕ್ಕದ್ದೆಂದು ಗೊತ್ತುಮಾಡುತ್ತಾರೆ. ನಾಟ್ಯದಲ್ಲಿ ಪ್ರಯೋಗವೇ ಪ್ರಧಾನ. ಆದುದರಿಂದ ನಾವೂ ಪುನಃಪ್ರಯೋಗದ ವಿಷಯವನ್ನು ತರ್ಕದಿಂದ ಮಾತ್ರವೇ ಅಳೆಯದೆ, ನಮ್ಮ ರಂಗದ ಚರಿತ್ರೆಯಲ್ಲಿ ನಡೆದುದೇನೆಂಬುದನ್ನು ನೋಡೋಣ.

೨

ಕನ್ನಡ ಸಂಗೀತ ನಾಟಕದ ಹುಟ್ಟೇ ಒಂದು ಬಗೆಯ ಪುನಃಪ್ರಯೋಗವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಮೇಳವು ಸಾಂಗ್ಲಿಯ ದೊರೆಗಳ ಮುಂದೆ ಯಕ್ಷಗಾನವನ್ನಾಡಿದುದೇ ವಿಷ್ಣುದಾಸ ಭಾವೆಯವರಿಗೆ ಪ್ರೇರಣೆಯಾಗಿ, ೧೮೪೩ರಲ್ಲಿ ಅವರ ಸೀತಾಸ್ವಯಂವರವು ಅಲ್ಲಿ ನಡೆಯಿತೆಂಬುದು ಪ್ರಸಿದ್ಧ ಸಂಗತಿ. ಮರಾಠೀ ರಂಗಭೂಮಿಯು ಅಲ್ಲಿಂದ ಮೊದಲಾಯಿತು. ೧೮೮೦ರ ಅಕ್ಟೋಬರ್ ೩೧ರಂದು ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ಆಡಿಸಿ ಆ ರಂಗಕ್ಕೆ ಹೊಸ ರೂಪವನ್ನು ಕೊಟ್ಟರು. ಕಿರ್ಲೋಸ್ಕರರು ಹುಟ್ಟಿದುದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠೀ ಮಂಡಳಿಗಳು ಕನ್ನಡ ನಾಡಿನ ಊರೂರುಗಳಲ್ಲಿ ಆಡಿ ಹಣವನ್ನೂ ಕೀರ್ತಿಯನ್ನೂ ಒಯ್ಯುತ್ತಿರಲು, ಅದನ್ನು ಕಂಡು ಸಹಿಸದೆ ಗದುಗಿನಲ್ಲಿ ಸಕ್ಕರಿ ಬಾಳಾಚಾರ್ಯರು, ಎಂದರೆ ನಮ್ಮ ಶಾಂತಕವಿಗಳು, ಕನ್ನಡದಲ್ಲಿಯೇ ನಾಟಕಗಳನ್ನು ಬರೆದು ಮಂಡಳಿಯನ್ನು ಕಟ್ಟಿದರು. ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆಯು ಹುಟ್ಟಿತು. ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿಕೊಟ್ಟರು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಕರ್ಕಿಯಿಂದ ಹೊರಟುದು ಸಾಂಗ್ಲಿ, ಪುಣೆಗಳನ್ನು ಸುತ್ತಿ ಮತ್ತೆ ಗದುಗಿಗೂ ಮೈಸೂರಿಗೂ ಬಂದಾಗ ಅದು ಹೊರಟಂತೆಯೇ ಇರಲಿಲ್ಲ. ಭಾಗವತನೊಬ್ಬನೇ ಹಾಡುತ್ತಿದ್ದ ಹಾಡು ಪಾತ್ರಧಾರಿಗಳ ಬಾಯಿಗೆ ಬಂದಿದ್ದಿತು. ಚಂಡೆಯ ಸ್ಥಾನದಲ್ಲಿ ತಬಲವೂ, ಮುಂದೆ ಹಾರ್ಮೋನಿಯವೂ ಬಂದು ಕುಳಿತವು. ಬಯಲು ಹೋಗಿ ಪರದೆಯು ಬಂದಿತು. ಕಥೆಗಳಾದರೋ ಅವೇ ಭಾರತ ರಾಮಾಯಣ ಭಾಗವತಗಳ ಕಥೆಗಳು. ಕಥೆಯು ಹಳೆಯದಾಗಿದ್ದೂ ನಾಟಕವು ಹೊಸದಾಗಬಹುದೆಂಬುದಕ್ಕೆ ನಮ್ಮ ರಂಗದ ಜಾತಕವೇ ಮೊದಲನೆಯ ಸಾಕ್ಷಿ. ಆನಂದವರ್ಧನಾಚಾರ್ಯರು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ, ಹಿಂದೆ ಕಂಡ ವಸ್ತುಗಳೂ ರಸದ ಪರಿಗ್ರಹದಿಂದ ವಸಂತದ ಮರಗಳಂತೆ ನವೀನವಾಗುವುವೆಂದು ಕಾವ್ಯದ ವಿಷಯದಲ್ಲಿ ಪ್ರತಿಪಾದಿಸಿರುವುದು ಇಲ್ಲಿಗೂ ಚೆನ್ನಾಗಿ ಒಪ್ಪುತ್ತದೆ.

೩

ಇನ್ನು ಗುಬ್ಬಿಯ ಕಂಪನಿಯ ವಿಷಯಕ್ಕೆ ಬರೋಣ. ೧೮೮೪ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಚಂದಣ್ಣನವರೂ ಅವರ ಮಿತ್ರರೂ ಸೇರಿ ಆರಂಭಿಸಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು, ಬಾಲನಟರಾಗಿ ಸೇರಿದ ವೀರಣ್ಣನವರ ಯಾಜಮಾನ್ಯಕ್ಕೆ ಬಂದಮೇಲೆ ದಕ್ಷಿಣ ದೇಶದಲ್ಲೆಲ್ಲ ಹೆಸರಾಯಿತು. ಆ ಕಂಪನಿಯ ಸದಾರಮೆಯನ್ನು ಕೇಳದ ಮನೆ ಹಳೆಯ ಮೈಸೂರು ಸೀಮೆಯಲ್ಲಿ ಅಪರೂಪ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಆ ನಾಟಕದಲ್ಲಿ ಕಳ್ಳನ ಪಾತ್ರವು ವೀರಣ್ಣನವರದು. ರಾಜಕುಮಾರನೂ ಸದಾರಮೆಯೂ ಕಥೆಯ ನಾಯಕ ನಾಯಕಿಯರಾಗಿದ್ದರೂ ಜನರು ಕಾದಿರುತ್ತಿದ್ದುದು ಕಳ್ಳನಿಗಾಗಿ. ಆ ಪಾತ್ರದ ಮಾತುಗಳಲ್ಲಿ ಪುಸ್ತಕದಲ್ಲಿದ್ದವೆಷ್ಟೋ, ಆ ರಾತ್ರಿಯ ಸಭೆಯನ್ನು ನೋಡಿ ಹುಟ್ಟಿಕೊಂಡವೆಷ್ಟೋ! ಊರು ಬದಲಾದಂತೆ ಹಾಸ್ಯವೂ ಬದಲಾಗುತ್ತಿದ್ದಿತು. ಹಾಗಿದ್ದಮೇಲೆ ಸದಾರಮೆಯ ಯಾವ ಪ್ರಯೋಗವನ್ನು ಮೂಲವೆಂದು ಕರೆಯಬೇಕು? ಅಚ್ಚಾದ ಪುಸ್ತಕವನ್ನೆ, ಅಥವಾ ಒಂದೊಂದು ರಾತ್ರಿಯೂ ಬೇರೆಬೇರೆಯಾಗಿ ನಡೆದ ಆಟಗಳನ್ನೆ?

ಸಂಗೀತದಲ್ಲಿಯೂ ಹೀಗೆಯೇ. ರತ್ನಾವಳಿ ಕಂಪನಿಯ ಎ. ವಿ. ವರದಾಚಾರ್ಯರು (೧೮೬೯–೧೯೨೬) ಪ್ರಹ್ಲಾದ ನಾಟಕದಲ್ಲಿ ಹಿರಣ್ಯಕಶಿಪುವಾಗಿ ನಿಂತಾಗ ಅವರ ಗಾನಕ್ಕೆ ಸಭೆಯು ಮುಗ್ಧವಾಗುತ್ತಿದ್ದಿತು. ಆ ಕಾಲದ ಸಭೆಗಳಲ್ಲಿ 'ವನ್ಸ್ ಮೋರ್' ಎಂಬ ಕೂಗು ಎದ್ದಿತೆಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಾಗುತ್ತಿದ್ದಿತೆಂದು ಹಿರಿಯರು ನಗುತ್ತ ಹೇಳುವುದುಂಟು. ಇದನ್ನು ರಸಾಭಾಸವೆಂದು ನಿಂದಿಸಬಹುದು. ಆದರೆ ಎರಡನೆಯ ಸಲ ಹಾಡುವ ಗಾಯಕನು ಮೊದಲನೆಯ ಸಲದ ಸ್ವರಸಂಚಾರವನ್ನೇ ಒಪ್ಪಿಸಿದರೆ ಸಭೆಗೆ ತೃಪ್ತಿಯಾಗುತ್ತಿರಲಿಲ್ಲ. ರಾಗವು ಒಂದೇ, ಪದ್ಯವು ಒಂದೇ. ವಿಸ್ತಾರವು ಮಾತ್ರ ಬೇರೆ. ಪುನಃಪ್ರಯೋಗದ ಇಡೀ ತತ್ತ್ವವು ಈ ಸಣ್ಣ ಸಂಗತಿಯಲ್ಲಿ ಅಡಗಿದೆಯೆಂದು ನನ್ನ ಭಾವನೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ಹೊಸತನವೂ ಉಂಟು. ೧೯೩೪ರಲ್ಲಿ ಗುಬ್ಬಿ ಕಂಪನಿಯವರು ಬಿ. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರವನ್ನು ರಂಗಕ್ಕೆ ತಂದಾಗ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ನಡೆಸಿದರು. ಜನರು ಬೆರಗಾದರು. ಆದರೆ ಅದೇ ವರ್ಷದ ಮಾರ್ಚಿ ತಿಂಗಳಲ್ಲಿ ಕನ್ನಡದ ಮೊದಲನೆಯ ಮಾತನಾಡುವ ಚಿತ್ರವಾದ ಸತೀ ಸುಲೋಚನಾ ತೆರೆಗೆ ಬಂದಿದ್ದಿತೆಂಬುದನ್ನು ಮರೆಯಲಾಗದು. ಅದರಲ್ಲಿ ನಟಿಸಿದ ಎಂ. ವಿ. ಸುಬ್ಬಯ್ಯ ನಾಯುಡು, ಆರ್. ನಾಗೇಂದ್ರರಾವ್ ಇವರೂ ನಾಟಕದವರೇ. ನೋಟದ ಬೆರಗಿನಲ್ಲಿ ಚಲಚ್ಚಿತ್ರದೊಡನೆ ಸ್ಪರ್ಧಿಸಿ ಗೆಲ್ಲುವುದು ಯಾವ ಕಂಪನಿಗೂ ಸಾಧ್ಯವಾಗಲಿಲ್ಲ. ಆನೆಯು ಎಷ್ಟು ದೊಡ್ಡದಾಗಿದ್ದರೂ ಎರಡನೆಯ ಸಲ ನೋಡುವವನಿಗೆ ಅದೇ ಆನೆ. ಕುರುಕ್ಷೇತ್ರವು ಉಳಿದುದು ಆನೆಯಿಂದಲ್ಲ. ಅದು ಹೇಗೆ ಉಳಿಯಿತೆಂಬುದನ್ನು ಅರಿಯಬೇಕಾದರೆ ಪಟ್ಟಣವನ್ನು ಬಿಟ್ಟು ಹಳ್ಳಿಗೆ ಬರಬೇಕು.

೪

ನಾನು ವಾಸಿಸುವ ಸಿಂಗಾಪುರವು ಸಮುದ್ರದಾಚೆಯ ಸಿರಿವಂತ ದ್ವೀಪವಲ್ಲ. ಯಲಹಂಕ ಸೀಮೆಯಲ್ಲಿ ಕೆರೆಯ ಮಗ್ಗುಲಲ್ಲಿ ಬೆಳೆದ ಒಂದು ಗ್ರಾಮ. ಬೆಂಗಳೂರು ನಗರವು ಬೆಳೆಯುತ್ತ ಬೆಳೆಯುತ್ತ ಇದನ್ನು ತನ್ನ ಮಡಿಲಿಗೆ ಹಾಕಿಕೊಂಡಿತು. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಈ ಸೀಮೆಯಲ್ಲಿಯೂ, ತುಮಕೂರು ಕೋಲಾರಗಳ ಕಡೆಯಲ್ಲಿಯೂ ಕುರುಕ್ಷೇತ್ರವೆಂಬ ಪೌರಾಣಿಕ ನಾಟಕವನ್ನು ಹಳ್ಳಿಯವರು ತಾವೇ ಕಲಿತು ಆಡುವ ವಾಡಿಕೆಯು ಬಹುಕಾಲದಿಂದ ಬಂದಿದೆ. ಪಠ್ಯವು ಊರಿಂದೂರಿಗೆ ಸ್ವಲ್ಪ ಸ್ವಲ್ಪ ಬೇರೆ. ಕಟ್ಟು ಮಾತ್ರ ಒಂದೇ. ಹಾರ್ಮೋನಿಯಂ ಬಾರಿಸುವ ನಾಟಕದ ಮೇಷ್ಟರು ಊರಿಗೆ ಬಂದು, ದೇವಸ್ಥಾನದ ಜಗುಲಿಯಲ್ಲಿಯೋ ಶಾಲೆಯ ಕೊಠಡಿಯಲ್ಲಿಯೋ ತಿಂಗಳುಗಟ್ಟಲೆ ರಾತ್ರಿಯ ತಾಲೀಮು ನಡೆಸುವರು. ಪಾರ್ಟು ಹಾಕುವವನು ಸಂಬಳವನ್ನು ಪಡೆಯುವುದಿಲ್ಲ. ತಾನೇ ಹಣವನ್ನು ಕೊಡುವನು. ದುರ್ಯೋಧನ, ಕೃಷ್ಣ, ಕರ್ಣ ಮುಂತಾದ ದೊಡ್ಡ ಪಾರ್ಟುಗಳಿಗೆ ಹೆಚ್ಚು, ಚಿಕ್ಕವಕ್ಕೆ ಕಡಿಮೆ. ಪರದೆ, ಕಿರೀಟ, ಗದೆ, ಆಭರಣಗಳೆಲ್ಲ ಸೀನರಿಯವರಿಂದ ಬಾಡಿಗೆಗೆ ಬರುವುವು. ವ್ಯವಸಾಯಗಾರನೂ ಬಸ್ಸಿನ ಚಾಲಕನೂ ಗುಮಾಸ್ತನೂ ಹಾಲಿನ ವ್ಯಾಪಾರಿಯೂ ಒಂದೇ ಪರದೆಯ ಮುಂದೆ ನಿಂತು ಕಂದಪದ್ಯಗಳನ್ನು ಎಳೆದು ಹಾಡುವರು. ಪಂಪ ರನ್ನರ ಕಾಲದ ಕಂದವೆಂಬ ಛಂದಸ್ಸು ಇಂದಿಗೂ ಬಾಯಲ್ಲಿ ಉಳಿದಿದ್ದರೆ, ಅದಕ್ಕೆ ಕಾರಣರಾದವರಲ್ಲಿ ಗಮಕಿಗಳ ಜೊತೆಗೆ ಈ ನಾಟಕದ ಮೇಷ್ಟರನ್ನೂ ಎಣಿಸಬೇಕು.

ಈ ಆಟದಲ್ಲಿ ಹೊಸದೇನು? ಪರದೆಯು ಹಳೆಯದು, ಮಟ್ಟು ಹಳೆಯದು, ನಿಲ್ಲುವ ಭಂಗಿಯೂ ಹಳೆಯದು. ಆದರೂ ಒಂದು ಸಂಗತಿಯನ್ನು ಈ ಸೀಮೆಯಲ್ಲಿ ನಾನು ಪ್ರತ್ಯಕ್ಷವಾಗಿ ಕಂಡಿದ್ದೇನೆ. ಕೃಷ್ಣನು ಸಂಧಿಗಾಗಿ ಬಂದು, ಪಾಂಡವರಿಗೆ ಐದು ಗ್ರಾಮಗಳನ್ನಾದರೂ ಕೊಡೆಂದು ಕೇಳುವನು. ದುರ್ಯೋಧನನು ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆನ್ನುವನು. ಎಷ್ಟೋ ಕಾಲದಿಂದ ಕೇಳಿದ ಮಾತು. ನನ್ನ ಯೌವನದಲ್ಲಿ ಈ ಘಟ್ಟದಲ್ಲಿ ಜನರು ದುರ್ಯೋಧನನ ಗತ್ತನ್ನೂ ಕೃಷ್ಣನ ಚಾತುರ್ಯವನ್ನೂ ಮೆಚ್ಚಿ ಚಪ್ಪಾಳೆ ತಟ್ಟುತ್ತಿದ್ದರು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆಯಿತು. ಅದಕ್ಕೆ ಮೊದಲೂ ಅನಂತರವೂ ಈ ಸೀಮೆಯ ನೆಲದ ಬೆಲೆಯು ಹಳಬರು ಎಣಿಸಲಾರದಷ್ಟು ಏರಿತು. ರಾಗಿಯ ಹೊಲಗಳು ನಿವೇಶನಗಳಾದವು. ಒಂದೇ ತಾಯ ಮಕ್ಕಳು ಭಾಗಕ್ಕಾಗಿ ನ್ಯಾಯಾಲಯದ ಮೆಟ್ಟಲನ್ನೇರಿದ ಮನೆಗಳು ಊರೂರಿನಲ್ಲಿಯೂ ಇವೆ. ಈಗ ಅದೇ ಘಟ್ಟ ಬಂದಾಗ ಸಭೆಯು ಮೌನವಾಗುತ್ತದೆ. ಮುಂದಿನ ಸಾಲಿನಲ್ಲಿ ಕುಳಿತವರು ಹಿಂದಿನ ಸಾಲಿನ ದಾಯಾದಿಗಳನ್ನು ತಿರುಗಿ ನೋಡುವುದಿಲ್ಲ. ಹಾಡುವವನೇ ತನ್ನ ಅಣ್ಣನೊಡನೆ ಮಾತುಬಿಟ್ಟವನಾಗಿರಬಹುದು. ಕವಿಯು ಒಂದಕ್ಷರವನ್ನೂ ತಿದ್ದಲಿಲ್ಲ; ಮೇಷ್ಟರು ರಾಗವನ್ನು ಬದಲಿಸಲಿಲ್ಲ; ಆದರೂ ಆ ಮಾತಿನ ಅರ್ಥವು ನಾಲ್ವತ್ತು ವರ್ಷಗಳ ಹಿಂದೆ ಇದ್ದುದಲ್ಲ.

ಇದರಿಂದ ತಿಳಿಯುವುದೇನೆಂದರೆ, ಪುನಃಪ್ರಯೋಗದಲ್ಲಿ ಹೊಸದು ರಂಗದಿಂದಲೇ ಬರಬೇಕೆಂಬ ನಿಯಮವಿಲ್ಲ, ಸಭೆಯಿಂದಲೂ ಬರಬಹುದು. ನೋಡುವವನ ಬಾಳು ಬದಲಾದಾಗ ಹಳೆಯ ನಾಟಕವು ಅವನೊಡನೆ ಹೊಸ ಮಾತನಾಡುತ್ತದೆ. ಹೊಸ ನಾಟಕಕ್ಕೆ ಈ ಶಕ್ತಿಯಿಲ್ಲವೆಂದಲ್ಲ. ಆದರೆ ಹಿಂದೆ ಹೇಗೆ ಕೇಳಿದ್ದೆವು, ಈಗ ಹೇಗೆ ಕೇಳುತ್ತಿದ್ದೇವೆ ಎಂಬ ಹೋಲಿಕೆಯನ್ನು ಮಾಡಿಕೊಳ್ಳಲು ಹಿಂದೆ ಕೇಳಿದ ನಾಟಕವೇ ಬೇಕು. ಗೋಡೆಯ ಮೇಲೆ ಮಕ್ಕಳ ಎತ್ತರವನ್ನು ಗುರುತಿಸಿಟ್ಟಂತೆ, ಗೋಡೆಯು ಅಲ್ಲಿಯೇ ನಿಂತಿರುವುದರಿಂದ ಬೆಳವಣಿಗೆಯು ಗೊತ್ತಾಗುತ್ತದೆ.

ಈ ನಾಟಕದ ದುರ್ಯೋಧನನನ್ನು ಕುರಿತು ಇನ್ನೊಂದು ಮಾತು. ಹಳ್ಳಿಯ ರಂಗದಲ್ಲಿ ಅವನು ಕೇವಲ ಖಳನಲ್ಲ, ಛಲದಂಕಮಲ್ಲನಾದ ದೊರೆ. ಕನ್ನಡದಲ್ಲಿ ಈ ದೃಷ್ಟಿಗೆ ದೀರ್ಘವಾದ ವಂಶಪರಂಪರೆಯಿದೆ. ೯೮೨ರ ಸುಮಾರಿನಲ್ಲಿ ರನ್ನನು ಗದಾಯುದ್ಧವನ್ನು ಬರೆದನು, ೧೯೨೬ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಅದನ್ನು ಗದಾಯುದ್ಧ ನಾಟಕವನ್ನಾಗಿ ಅಳವಡಿಸಿದರು. ಸಂಸ್ಕೃತದಲ್ಲಿ ಭಾಸನದೆಂದು ಪ್ರಸಿದ್ಧವಾದ ಊರುಭಂಗದಲ್ಲಿಯೂ ತೊಡೆ ಮುರಿದು ಬಿದ್ದ ಕೌರವನು ಪೂಜ್ಯನಾಗಿಯೇ ಕಾಣುತ್ತಾನೆ. ಒಂದೇ ಕಥೆಯು ಸಾವಿರ ವರ್ಷ ಮರಳಿ ಮರಳಿ ಬಂದುದರ ಫಲವಾಗಿ ಒಬ್ಬ ಪ್ರತಿನಾಯಕನು ಕನ್ನಡಿಗರ ಕಣ್ಣಿನಲ್ಲಿ ಇಷ್ಟು ದೊಡ್ಡವನಾದನು. ಇಂಥ ಬೆಳವಣಿಗೆಯು ಒಂದೇ ಸಲ ಆಡಿ ಬಿಟ್ಟ ನಾಟಕದಿಂದ ಆಗತಕ್ಕುದಲ್ಲ.

೫

ಪಾತ್ರಧಾರಿಯು ಬದಲಾದಾಗ ನಾಟಕವೂ ಬದಲಾಗುವುದಕ್ಕೆ ಬೇರೆ ನಿದರ್ಶನಗಳಿವೆ. ಮೊದಲಿನ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದುದು ಎಲ್ಲರಿಗೂ ತಿಳಿದುದೇ. ೧೯೫೮ರಲ್ಲಿ ಆರ್. ನಾಗರತ್ನಮ್ಮನವರು ಬೆಂಗಳೂರಿನಲ್ಲಿ ಸ್ತ್ರೀಯರೇ ಸೇರಿದ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಕೃಷ್ಣಗಾರುಡಿಯೇ ಮೊದಲಾದ ಹಳೆಯ ನಾಟಕಗಳನ್ನೇ ಅವರು ಎತ್ತಿಕೊಂಡರು. ಭೀಮ, ಕಂಸ, ರಾವಣರಂಥ ವೀರರೌದ್ರ ಪಾತ್ರಗಳನ್ನು ತಾವೇ ಧರಿಸಿದರು. ಗದೆಯನ್ನು ಹೆಗಲಿಗಿಟ್ಟು ಗರ್ಜಿಸುವ ಭೀಮನು ಒಬ್ಬ ಹೆಂಗಸೆಂಬುದನ್ನು ಸಭೆಯು ಅರಿತೇ ಇದ್ದಿತು. ಅರಿತೂ ಭೀಮನನ್ನೇ ಕಂಡಿತು. ಇದಕ್ಕಾಗಿ ಹೊಸ ನಾಟಕವನ್ನು ಬರೆಸಿದ್ದರೆ ಈ ಪರಿಣಾಮವಾಗುತ್ತಿರಲಿಲ್ಲವೆಂದು ತೋರುತ್ತದೆ. ಗಂಡಸರು ಆಡಿ ಆಡಿ ತಮ್ಮದೆಂದು ಮಾಡಿಕೊಂಡಿದ್ದ ಪಾತ್ರವಾದುದರಿಂದಲೇ, ಅದನ್ನು ಹೆಂಗಸು ವಹಿಸಿ ನಿಂತಾಗ ಅದಕ್ಕೆ ಹೊಸ ತೇಜಸ್ಸು ಬಂದಿತು. ೨೦೧೨ರಲ್ಲಿ ಭಾರತ ಸರ್ಕಾರವು ನಾಗರತ್ನಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷ ಅವರು ದಿವಂಗತರಾದರು. ಸದಾರಮೆಯನ್ನು ಸ್ಪಂದನ ತಂಡದ ಮೂಲಕ ಮತ್ತೆ ರಂಗಕ್ಕೆ ತಂದ ಬಿ. ಜಯಶ್ರೀಯವರು ವೀರಣ್ಣನವರ ಮೊಮ್ಮಗಳು. ಅಜ್ಜನ ಕಾಲದ ಹಾಡುಗಳು ಆ ವಂಶದವರ ಕಂಠದಲ್ಲಿ, ಆದರೆ ಬೇರೆ ಕಾಲದ ಸಭೆಯ ಮುಂದೆ, ಪುನಃ ಕೇಳಿಬಂದವು.

ಇನ್ನು ಬಿ. ವಿ. ಕಾರಂತರ (೧೯೨೯–೨೦೦೨) ಕಾರ್ಯವನ್ನು ಹೇಳದೆ ಈ ಚರಿತ್ರೆಯು ಪೂರ್ಣವಾಗದು. ಹುಡುಗನಾಗಿದ್ದಾಗ ಗುಬ್ಬಿ ಕಂಪನಿಯನ್ನು ಸೇರಿ, ಅನಂತರ ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ನಾಟ್ಯವನ್ನೂ ಕಲಿತ ಇವರು, ಕಂಪನಿಗಳ ನಾಟಕವನ್ನು ಇದ್ದ ಹಾಗೆಯೇ ಪುನಃ ಆಡಿಸುವುದಕ್ಕಿಂತ, ಆ ನಾಟಕಗಳ ಪ್ರಾಣವಾಗಿದ್ದ ಹಾಡುವ ಪದ್ಧತಿಯನ್ನು ಹೊಸ ಕೃತಿಗಳಿಗೆ ತುಂಬಿದರು. ಕೈಲಾಸಂ ಮೊದಲಾದವರ ಸಾಮಾಜಿಕ ನಾಟಕಗಳ ಪ್ರಭಾವದಿಂದ ಹವ್ಯಾಸಿ ರಂಗದಲ್ಲಿ ಹಾಡು ಕ್ಷೀಣವಾಗಿದ್ದಿತು. ೧೯೭೨ರಲ್ಲಿ ಚಂದ್ರಶೇಖರ ಕಂಬಾರರ ಜೋಕುಮಾರಸ್ವಾಮಿಯನ್ನು ಕಾರಂತರು ಆಡಿಸಿದಾಗ ಆ ಹಾಡು ಮರಳಿ ಬಂದಿತು. ಶ್ರೀರಂಗರ ಸತ್ತವರ ನೆರಳು ಗದ್ಯನಾಟಕ. ಅದರೊಳಕ್ಕೆ ಪುರಂದರದಾಸರ ಪದಗಳನ್ನು ಸೇರಿಸಿ ಕಾರಂತರು ಅದನ್ನು ಸಂಗೀತಮಯವಾಗಿ ಮಾಡಿದರು. ಪು. ತಿ. ನರಸಿಂಹಾಚಾರ್ಯರ ಗೋಕುಲ ನಿರ್ಗಮನವೆಂಬ ಗೇಯನಾಟಕವೂ ಅವರ ಸಂಗೀತದಿಂದ ರಂಗದ ಮೇಲೆ ಬೆಳಗಿತು. ಬೆಂಗಳೂರಿನ ಬೆನಕ ತಂಡದವರು ಸತ್ತವರ ನೆರಳನ್ನು ದಶಕಗಳ ಕಾಲ ಆಡುತ್ತ ಬಂದುದರಿಂದ ಅದೂ ಈಗ ಹಳೆಯ ನಾಟಕಗಳ ಪಂಕ್ತಿಗೆ ಸೇರಿತು. ನಿನ್ನೆಯ ಹೊಸತನವು ಇಂದಿನ ಸಂಪ್ರದಾಯವಾಗುವುದು ಹೀಗೆ. ಹಳೆಯದನ್ನು ಆಡುವುದರಿಂದ ಹೊಸ ಕವಿಗೆ ಸ್ಥಳವಿಲ್ಲದಂತಾಗುವುದೆಂಬ ಪೂರ್ವಪಕ್ಷಕ್ಕೆ ಇಲ್ಲಿಯೇ ಉತ್ತರವಿದೆ: ಗುಬ್ಬಿಯ ಹಾಡು ಕಿವಿಯಲ್ಲಿ ನಿಂತಿರದ ಪಕ್ಷದಲ್ಲಿ ಕಂಬಾರರ ನಾಟಕಕ್ಕೆ ಆ ಪ್ರಯೋಗವು ದೊರೆಯುತ್ತಿತ್ತೆ?

೬

ಪರದೇಶಗಳಲ್ಲಿಯೂ ಈ ಪ್ರಶ್ನೆಯು ಎದ್ದಿದೆ. ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಎಂಬಿಬ್ಬರು ರಚಿಸಿದ ಹಾಸ್ಯಗೀತನಾಟಕಗಳ ಹಕ್ಕು ಡಾಯ್ಲಿ ಕಾರ್ಟ್ ಕಂಪನಿಯ ಕೈಯಲ್ಲಿದ್ದಿತು. ಆ ಕಂಪನಿಯವರು ನಾಟಕದ ಒಂದೊಂದು ನಡೆಯನ್ನೂ ಮೊದಲಿನಂತೆಯೇ ಉಳಿಸಿಕೊಂಡು ಬರಲು ಶ್ರಮಿಸಿದರು. ಗಿಲ್ಬರ್ಟನು ೧೯೧೧ರಲ್ಲಿ ತೀರಿದವನಾದುದರಿಂದ ಐವತ್ತು ವರ್ಷಗಳ ಮೇಲೆ, ೧೯೬೧ರ ಕೊನೆಗೆ, ಆ ಹಕ್ಕು ಮುಗಿಯಿತು. ೧೯೮೨ರಲ್ಲಿ ಕಂಪನಿಯೂ ಮುಚ್ಚಿಹೋಯಿತು. ಅವರ ನಿಷ್ಠೆಯು ಪ್ರಶಂಸನೀಯವೇ. ಮಟ್ಟುಗಳು ಕೆಡದೆ ಉಳಿದುದು ಅವರಿಂದ. ಆದರೆ ಹಾಸ್ಯವೆಂಬುದು ಹುಟ್ಟಿದ ದಿನದ ನಗೆಯನ್ನು ಅನುಕರಿಸುತ್ತ ಬಹಳ ಕಾಲ ಬದುಕಲಾರದೆಂಬ ಆಕ್ಷೇಪವೂ ಆ ಪ್ರಯೋಗಗಳ ಮೇಲೆ ಬಂದಿತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ದೃಷ್ಟಾಂತವನ್ನು ನೋಡಿರಿ. ೧೭೨೮ರಲ್ಲಿ ಜಾನ್ ಗೇ ಎಂಬ ಕವಿಯು ಲಂಡನ್ನಿನಲ್ಲಿ ಭಿಕ್ಷುಕನ ಗೀತನಾಟಕವೆಂಬುದನ್ನು ಆಡಿಸಿದನು. ಕಳ್ಳರೂ ಕಳ್ಳಮಾಲು ಕೊಳ್ಳುವವರೂ ಅದರ ನಾಯಕರು. ಜನರ ಬಾಯಲ್ಲಿದ್ದ ಮಟ್ಟುಗಳೇ ಅದರ ಸಂಗೀತ. ೧೯೨೦ರಲ್ಲಿ ಅದೇ ನಗರದ ಹ್ಯಾಮರ್‌ಸ್ಮಿತ್ ಎಂಬಲ್ಲಿ ಅದನ್ನು ಪುನಃ ಎತ್ತಿದಾಗ ಎಡೆಬಿಡದೆ ೧,೪೬೩ ಪ್ರಯೋಗಗಳು ನಡೆದವು. ಆ ಸುದ್ದಿಯು ಜರ್ಮನಿಗೆ ಮುಟ್ಟಿ, ಅಲ್ಲಿ ಎಲಿಜಬೆತ್ ಹಾಪ್ಟ್‌ಮನ್ ಎಂಬ ವಿದುಷಿಯು ಅದನ್ನು ಭಾಷಾಂತರಿಸಲು, ಬ್ರೆಕ್ಟನೂ ಕುರ್ಟ್ ವೈಲನೂ ಸೇರಿ ಅದರಿಂದ ಮೂರು ಕಾಸಿನ ಗೀತನಾಟಕವನ್ನು ಕಟ್ಟಿ ೧೯೨೮ರಲ್ಲಿ ಬರ್ಲಿನ್ನಿನಲ್ಲಿ ಆಡಿಸಿದರು. ಇನ್ನೂರು ವರ್ಷದ ಹಿಂದಿನ ಒಂದು ನಾಟಕವನ್ನು ಯಾರೋ ಮತ್ತೆ ಆಡಿದುದರಿಂದ ಆ ಶತಮಾನದ ಪ್ರಸಿದ್ಧವಾದ ಹೊಸ ನಾಟಕಗಳಲ್ಲೊಂದು ಹುಟ್ಟಿತು. ಪುನಃಪ್ರಯೋಗದ ಫಲವು ಆ ಪ್ರಯೋಗದಲ್ಲಿಯೇ ಕಾಣದೆ, ಅದನ್ನು ಕೇಳಿದ ಇನ್ನೊಬ್ಬನ ಕೃತಿಯಲ್ಲಿ ಕಾಣಿಸಿಕೊಳ್ಳಬಹುದೆಂಬುದನ್ನು ಇದರಿಂದ ತಿಳಿಯತಕ್ಕದ್ದು.

೭

ಹಾಗೆಂದು ಎಲ್ಲ ಪುನಃಪ್ರಯೋಗಗಳೂ ಸ್ತುತ್ಯವೆಂದು ಹೇಳುವುದು ನನ್ನ ಉದ್ದೇಶವಲ್ಲ. ಹೊಸದೆಂಬ ಹೆಸರಿನಲ್ಲಿ ಕೆಡಿಸುವವರೂ ಇದ್ದಾರೆ. ಹಳೆಯ ಮಟ್ಟನ್ನು ಕಿತ್ತು ಆ ಸ್ಥಳದಲ್ಲಿ ಹೆಸರಾದ ಚಲಚ್ಚಿತ್ರದ ಮಟ್ಟನ್ನು ಕೂರಿಸುವುದು. ಆಟವು ಬೇಗ ಮುಗಿಯಲೆಂದು ಪದ್ಯಗಳನ್ನು ಕತ್ತರಿಸಿ ಹೊಡೆದಾಟವನ್ನು ಉಳಿಸುವುದು. ಧ್ವನಿವರ್ಧಕವನ್ನು ಕಿವಿಗಡಚಿಕ್ಕುವಂತೆ ಏರಿಸಿ ರಾಗದ ಕಂಪನವೇ ಕೇಳದಂತೆ ಮಾಡುವುದು. ಕಿರೀಟಕ್ಕೆ ವಿದ್ಯುದ್ದೀಪಗಳನ್ನು ಸಿಕ್ಕಿಸುವುದು: ಇವೆಲ್ಲ ಮೇಲೆ ಹೇಳಿದ ಆನೆಯ ಜಾತಿಗೆ ಸೇರಿದವು. ಇವುಗಳಿಂದ ಬರುವ ಬೆರಗು ಆ ರಾತ್ರಿಯೇ ಮುಗಿಯುತ್ತದೆ. ಹಾಗೆಯೇ, ಗುರುಗಳು ನಿಂತಂತೆ ನಿಂತು, ಅವರು ಕೆಮ್ಮಿದಲ್ಲಿ ತಾನೂ ಕೆಮ್ಮುವ ಶಿಷ್ಯನೂ ನಾಟಕವನ್ನು ಉಳಿಸಲಾರನು. ಮೊದಲನೆಯವನು ಹಳೆಯದನ್ನು ನಂಬದೆ ಕೆಡಿಸಿದನು. ಎರಡನೆಯವನು ಅರಿಯದೆ ಕೆಡಿಸಿದನು.

ಹಾಗಾದರೆ ಪರೀಕ್ಷೆಯೇನು? ನನ್ನ ಅಲ್ಪಮತಿಗೆ ತೋರುವಂತೆ, ಪುನಃಪ್ರಯೋಗವನ್ನು ನೋಡಿ ಹೊರಬಂದವನು ತನ್ನಷ್ಟಕ್ಕೆ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ಚಿರಪರಿಚಿತವಾದ ಯಾವುದೊಂದು ಮಾತಾಗಲಿ ಹಾಡಾಗಲಿ ಇಂದು ಹಿಂದೆ ಕೇಳದ ರೀತಿಯಲ್ಲಿ ಕೇಳಿಸಿತೆ? ಕೇಳಿಸಿದ್ದರೆ, ಅದಕ್ಕೆ ಕಾರಣವು ನಟನೋ ಸಂಗೀತಗಾರನೋ ಕಾ‌ಲವೋ ತಾನೇಯೋ ಯಾವುದಾದರೂ ಆಗಿರಲಿ, ಆ ಪ್ರಯೋಗವು ಸಾರ್ಥಕ. ಕೇಳಿಸದಿದ್ದರೆ ಎಷ್ಟು ಹೊಸ ಪರದೆಗಳಿದ್ದರೂ ಅದು ಪಿಷ್ಟಪೇಷಣವೇ ಸರಿ. ಹಳೆಯ ನೆನಪಿಗಾಗಿ ಬರುವವರನ್ನು ಹಳಿಯಬೇಕಾದುದಿಲ್ಲ. ನೆನಪು ಅವರನ್ನು ಬಾಗಿಲವರೆಗೆ ಕರೆತರುತ್ತದೆ. ಒಳಗೆ ಅವರಿಗೆ ನೆನಪಿಗಿಂತ ಹೆಚ್ಚಿನದೇನಾದರೂ ಸಿಕ್ಕಿತೆ ಎಂಬುದು ಆಡುವವರ ಹೊಣೆ.

ಕಡೆಯದಾಗಿ ಒಂದು ವಿಜ್ಞಾಪನೆ. ಕಾಳಿದಾಸನ ಕಾಲಕ್ಕೆ ಭಾಸನು ಎಲ್ಲರೂ ಬಲ್ಲ ಹಳೆಯ ಕವಿ. ಆದರೂ ಅವನ ನಾಟಕಗಳು ಪಂಡಿತರ ಕಣ್ಣಿಗೆ ಬೀಳದೆ ಶತಮಾನಗಳು ಕಳೆದವು. ಮಹಾಮಹೋಪಾಧ್ಯಾಯ ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದ ಸೀಮೆಯಲ್ಲಿ ತಾಳೆಯೋಲೆಗಳನ್ನು ಕಂಡು ೧೯೧೨ರಿಂದ ಅಚ್ಚು ಮಾಡಿಸಿದ ಹದಿಮೂರು ನಾಟಕಗಳು ಭಾಸನವೆಂದು ಲೋಕಕ್ಕೆ ತಿಳಿದವು. ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರ ವಿವಾದವೇನೇ ಇರಲಿ, ಅವುಗಳಲ್ಲಿ ಕೆಲವುಗಳ ಅಂಕಗಳನ್ನು ಕೇರಳದ ಚಾಕ್ಯಾರರು ಕೂಡಿಯಾಟ್ಟದಲ್ಲಿ ಆಡಿಕೊಂಡೇ ಬಂದಿದ್ದರು. ಕೃತಿಯು ಉಳಿಯುವುದಕ್ಕೆ ಓಲೆಯೂ ಬೇಕು, ಆಟವೂ ಬೇಕು. ನಮ್ಮ ಕಂಪನಿ ನಾಟಕಗಳ ಅವಸ್ಥೆಯು ಇಂದು ಹೇಗಿದೆ? ಪುಸ್ತಕಗಳು ಅಗ್ಗದ ಕಾಗದದಲ್ಲಿ ಅಚ್ಚಾಗಿದ್ದವು. ಅವುಗಳಲ್ಲಿ ಹಾಡಿನ ಮೇಲೆ ರಾಗ ತಾಳಗಳ ಹೆಸರು, ಇಲ್ಲವೆ 'ಇಂಥ ಹಾಡಿನ ಮಟ್ಟು' ಎಂಬ ಒಂದು ಸೂಚನೆ ಮಾತ್ರ ಇರುವುದು. ಆ ಮಟ್ಟು ಇರುವುದು ಮೇಷ್ಟರ ಕಂಠದಲ್ಲಿಯೂ ಬೆರಳಿನಲ್ಲಿಯೂ. ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಹಾರ್ಮೋನಿಯವನ್ನು ತನ್ನ ಮಂದಿರದೊಳಕ್ಕೆ ಬಿಡದೆ ಇದ್ದುದರಿಂದ, ಕಂಪನಿಗಳು ಇನ್ನೂ ಜೀವಂತವಾಗಿದ್ದ ಕಾಲದಲ್ಲಿಯೇ ರಂಗಸಂಗೀತವು ತನ್ನ ಮುಖ್ಯ ವಾದ್ಯದೊಡನೆ ಅಲ್ಲಿ ಪ್ರಸಾರವಾಗುವ ಅವಕಾಶವು ತಪ್ಪಿತು. ಈಗ ಉಳಿದಿರುವ ಮೇಷ್ಟರಲ್ಲಿ ಅನೇಕರು ವಯೋವೃದ್ಧರು.

ಆದುದರಿಂದ ನಮ್ಮ ಜಿಲ್ಲೆಯ ಸಾಹಿತ್ಯಾಸಕ್ತರು ಒಂದು ಕೆಲಸವನ್ನು ಮಾಡಬಹುದು. ತಮ್ಮ ತಮ್ಮ ಊರಿನ ನಾಟಕದ ಮೇಷ್ಟರ ಬಳಿಗೆ ಹೋಗಿ, ಅವರು ಕಲಿಸುವ ಕಂದ, ವೃತ್ತ, ಹಾಡುಗಳನ್ನು ಧ್ವನಿಮುದ್ರಿಸಿಕೊಂಡು, ಯಾವ ರಾಗ, ಯಾರಿಂದ ಕಲಿತುದು, ಯಾವ ಘಟ್ಟದಲ್ಲಿ ಹಾಡತಕ್ಕದ್ದು ಎಂಬುದನ್ನು ಬರೆದಿಡಬೇಕು. ಮೊದಲು ನೂರು ರೂಪಾಯಿಗೆ ಕೊಳ್ಳುತ್ತಿದ್ದುದನ್ನು ಸಾವಿರ ಕೊಟ್ಟರೂ ಕೊಳ್ಳಲಾಗದ ದಿನವು ಬರುವುದು ದೂರವಿಲ್ಲ. ಇಂದು ಧ್ವನಿಮುದ್ರಣದ ಸಾಧನವು ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ಬೇಕಾಗಿರುವುದು ಒಂದು ಸಾಯಂಕಾಲದ ವಿರಾಮ ಮತ್ತು ವೃದ್ಧರ ಮನೆಗೆ ಹೋಗುವ ವಿನಯ. ಮುಂದಿನ ತಲೆಯವರು ಈ ನಾಟಕಗಳನ್ನು ಪುನಃ ಆಡಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಿಕೊಳ್ಳಲಿ. ತೀರ್ಮಾನಿಸುವುದಕ್ಕೆ ಅವರ ಬಳಿ ಮಟ್ಟುಗಳಾದರೂ ಇರಬೇಕಲ್ಲವೆ?